ಹಿಂದೆ ಕುಳಿತವರ ಕೈಗಳು

ಮುಂಜಾನೆ ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ನಮ್ಮ ಮೋಟಾರಿನ ಡ್ರೈವರ್ ಬೀರಣ್ಣ ಎರಡೂ ಕೈ ಜೋಡಿಸಿ ದೇವರಿಗೆ ನಮಸ್ಕಾರ ಮಾಡಿದರು. ಕೆಟ್ಟದ್ದು ಅಲ್ಲಿಂದ. ವೇಳೆ ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಆಗಷ್ಟೇ ನನ್ನ ಸೋದರತ್ತೆ ಗೌರತ್ತಿ "ಎಷ್ಟಾತ ನೋಡವಾ" ಎಂದು ಕೇಳಿದ್ದಳು. ಕೈಗಡಿಯಾರ ನೋಡಿ ತಲೆ ಎತ್ತಿದರೆ ಕಂಡದ್ದು ಯಾರೂ ಹಿಡಿಯದ ಸ್ಟೇರಿಂಗ್. ಅದು ತನ್ನಷ್ಟಕ್ಕೆ ತಾನೇ ಎಡಕ್ಕೆ ಹೊರಳಿತು, ಅವಸರವಿಲ್ಲದೆ, ಯಾರೋ ಹಿರಿಯರು ಕತ್ತು ತಿರುಗಿಸಿ ನೋಡಿದ ಹಾಗೆ. ಇದನ್ನು ಬರೆಯುವಾಗಲೂ ನನ್ನ ಬಲಗಾಲು ಮೇಜಿನ ಕೆಳಗೆ ನೆಲವನ್ನು ಒತ್ತಿ ಹಿಡಿದಿದೆ.

ಯಾರೂ ಸಾಯಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅಷ್ಟೇ ಅಲ್ಲ, ಆ ಪ್ರವಾಸದಲ್ಲಿ ನಕ್ಕಷ್ಟು ನಾನು ಬೇರೆಲ್ಲೂ ನಕ್ಕಿಲ್ಲ.

ಗೌರತ್ತಿ ಮಿರಜದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಕಣ್ಣು ಬಂದರೆ ಅಕ್ಕಲಕೋಟೆಗೆ ಹೋಗಿ ಸ್ವಾಮಿಗಳ ಮಠದ ದರ್ಶನ ಮಾಡುತ್ತೇನೆ ಎಂದು ಹರಕೆ. ಕಣ್ಣು ಬಂತು. ಜೊತೆಗೆ ಹೋಗುವ ಪಾಳಿ ನನ್ನದಾಯಿತು. ಧಾರವಾಡದ ಹೆಣ್ಣುಮಕ್ಕಳ ಸಾಲೆಯಲ್ಲಿ ಇತಿಹಾಸ ಕಲಿಸುವ ನನಗೆ ಆಗ ರಜೆಯಿತ್ತು. ಎಳ್ಳಮಾವಾಸ್ಯೆ ಹತ್ತಿರವಾಗಿ ಚಳಿ ಬಿದ್ದಿತ್ತು. ಸೋಮವಾರ ಸಂಜೆ ಹೊರಟು, ಹುಬ್ಬಳ್ಳಿ, ಗದಗು, ವಿಜಾಪುರದ ಮೇಲೆ ಸಣ್ಣ ಹಳಿಯ ರೈಲುಗಾಡಿಯಲ್ಲಿ ಕುಲುಕುತ್ತ ಮಂಗಳವಾರ ಮಧ್ಯಾಹ್ನ ಸೊಲ್ಲಾಪುರ ಮುಟ್ಟಿದೆವು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಹೊಸ ಕಣ್ಣು ಬಂದ ಉಮೇದಿನಲ್ಲಿ ಅತ್ತೆ ದಾರಿಯುದ್ದಕ್ಕೂ ಕಂಡವರಿಗೆಲ್ಲ ನಮಸ್ಕಾರ ಮಾಡಿದಳು. ನಿಶಾನೆ ತೋರಿಸುವ ಸ್ಟೇಷನ್ ಮಾಸ್ತರರಿಗೂ ಬಿಡಲಿಲ್ಲ.

"ಅತ್ತಿ, ಅವರು ಗಾಡಿಗೆ ಕೈ ಮಾಡಾಕತ್ತಾರ, ನಿನಗಲ್ಲ."

"ಇರಲಿ ಬಿಡ. ಎರಡು ವರ್ಷ ಮಂದಿ ಶರಣು ಅಂದದ್ದು ಕೇಳಸ್ತಿತ್ತು, ಮಾರಿ ಕಾಣಸ್ತಿದ್ದಿಲ್ಲ. ಆ ಬಾಕಿ ತೀರಸಾಕತ್ತೀನಿ."

ನಮಸ್ಕಾರದ ವಿಷಯದಲ್ಲಿ ಅವಳದು ದೊಡ್ಡ ಶಾಸ್ತ್ರ. ಓರಿಗೆಯವರಿಗೆ ಎದೆಯ ಮಟ್ಟ, ಹಿರಿಯರಿಗೆ ಹಣೆಯ ಮಟ್ಟ, ದೇವರಿಗೆ ನೆತ್ತಿಯ ಮೇಲೆ. ಬೀಗರಿಗೆ ಮಾತ್ರ ಅವರು ಎತ್ತಿದಷ್ಟೇ, ಒಂದು ಬೆರಳೂ ಹೆಚ್ಚಿಲ್ಲ. ನಾನು ಕಾಲೇಜಿನಲ್ಲಿ ಕೇಳಿದ್ದನ್ನು ಹೇಳಿದೆ: ಕೈಯಲ್ಲಿ ಆಯುಧವಿಲ್ಲ ಎಂದು ತೋರಿಸಲು ಮನುಷ್ಯ ಕೈ ಎತ್ತತೊಡಗಿದನಂತೆ, ಖಾಲಿ ಕೈಯೇ ವಂದನೆಯ ಮೂಲವಂತೆ. ಅತ್ತೆ "ಹಂಗಾದ್ರ ಕೈತುಂಬ ಕೆಲಸ ಇದ್ದವರು ಯಾರಿಗೂ ಮರ್ಯಾದಿ ಕೊಡಾಕ ಬರೂದಿಲ್ಲಂದಂಗಾತು" ಎಂದಳು. ನಾನು ವಿಜಾಪುರದ ಗೋಳಗುಮ್ಮಟ ಕಾಣುತ್ತಿದೆ ಎಂದು ಮಾತು ತಿರುಗಿಸಿದೆ.

ಸೊಲ್ಲಾಪುರದಲ್ಲಿ ಪರಿಚಯದವರ ಮನೆಯಲ್ಲಿ ಇಳಿದೆವು. ಸಂಜೆ ಸಿದ್ಧರಾಮನ ಗುಡಿ, ಅದರ ಸುತ್ತಲಿನ ಕೆರೆ. ಬುಧವಾರ ಮುಂಜಾನೆ ಗಿರಣಿಯ ಭೋಂಗಾ ಕೂಗಿದಾಗ ನಾವು ಮೋಟಾರ್ ಸ್ಟ್ಯಾಂಡಿಗೆ ನಡೆದಿದ್ದೆವು. ಪಾಳಿಗೆ ಬಂದ ಕೆಲಸಗಾರರು ಗಿರಣಿಯ ಬಾಗಿಲು ದಾಟುವಾಗ ಬಗ್ಗಿ ಹೊಸ್ತಿಲು ಮುಟ್ಟಿ, ಅದೇ ಕೈಯನ್ನು ಹಣೆಗೆ ಒತ್ತಿಕೊಂಡು ಓಡುತ್ತಿದ್ದರು. ಯಾರೂ ನಿಲ್ಲುತ್ತಿರಲಿಲ್ಲ. ಅತ್ತೆ ನಿಂತು ನೋಡಿ, "ನಡಕೋತ ಮಾಡೂ ನಮಸ್ಕಾರನೂ ಐತಿ ನೋಡ" ಎಂದಳು.

ಅಕ್ಕಲಕೋಟೆಗೆ ಇಪ್ಪತ್ತನಾಲ್ಕು ಮೈಲಿ. ಸ್ಟ್ಯಾಂಡಿನಲ್ಲಿ ಎರಡು ಖಾಸಗಿ ಮೋಟಾರುಗಳಿದ್ದವು. ಹೊಸದು ಅರ್ಧ ಖಾಲಿಯಿತ್ತು. ಹಳೆಯದರ ಮುಂದೆ ಜನ ಮುತ್ತಿದ್ದರು. ಕಾರಣ ಕೇಳಿದಾಗ ಚಾದರದ ಗಂಟು ಹೊತ್ತಿದ್ದ ಒಬ್ಬರು ಹೇಳಿದರು, "ಇದು ನಮಸ್ಕಾರದ ಮೋಟಾರ್ ರೀ, ಅಕ್ಕಾರ. ಬೀರಣ್ಣ ದಾರ್‍ಯಾಗಿನ ಒಂದ ದೇವ್ರನ್ನೂ ಬಿಡಂಗಿಲ್ಲ. ದೇವ್ರಿಗೆ ಕೈ ಮುಗಿಯಾಂವನ ಗಾಡಿಗೆ ಏನಾಗತೈತಿ?" ಹೀಗೆಂದವರು ನರಸಯ್ಯ, ನೇಕಾರರು. ಚಾದರ ಮಾರುತ್ತ ಧಾರವಾಡದವರೆಗೂ ಬರುವವರು. ನಮ್ಮ ಓಣಿಯ ಗುರುತೂ ಅವರಿಗಿತ್ತು.

ಬೀರಣ್ಣ ಐವತ್ತರ ಆಸುಪಾಸಿನವರು. ಬಿಳಿ ಮೀಸೆ, ಕೆಂಪು ರುಮಾಲು, ಹಣೆಗೆ ಭಂಡಾರ, ಅಂದರೆ ಬೀರೋಬನ ಅರಿಸಿನ ಪುಡಿ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಮೋಟಾರು ಕಲಿತವರು. ಹನುಮಪ್ಪ ಬಂದರೆ ಬಲಗೈ ಹಣೆಗೆ. ದರ್ಗಾ ಬಂದರೆ ಬಲಗೈ ಎದೆಗೆ. ಲಕ್ಷ್ಮಿಯ ಕಲ್ಲು ಬಂದರೆ ಬರೀ ತಲೆ ಬಾಗಿಸುವುದು. ಆದರೆ ವಳಸಂಗ ದಾಟಿದ ಮೇಲೆ ದಾರಿಯ ತಿರುವಿನಲ್ಲಿ ಅವರ ಮನೆದೇವರು ಬೀರೋಬನ ಸಣ್ಣ ಗುಡಿಯಿದೆ. ಮನೆದೇವರಿಗೆ ಒಂದು ಕೈ ನಡೆಯುವುದಿಲ್ಲ. ಅಲ್ಲಿ ದಿನವೂ ಮೋಟಾರು ನಿಲ್ಲಿಸಿ, ಇಳಿದು, ಎರಡೂ ಕೈ ಮುಗಿದು, ಭಂಡಾರ ಹಚ್ಚಿಕೊಂಡು ಬರುವುದು ಅವರ ಪದ್ಧತಿ.

ಆ ದಿನ ಹಾಗಾಗಲಿಲ್ಲ. ಚಳಿಗೆ ಇಂಜಿನ್ ಏಳಲಿಲ್ಲ. ಎಲ್ಲರೂ ಇಳಿದು ನೂಕಿದೆವು. ದಾರಿಯಲ್ಲಿ ನೀರು ಕುದಿದು ಮತ್ತೆ ನಿಂತಿತು. ಅಕ್ಕಲಕೋಟೆಯ ಕಚೇರಿಯಲ್ಲಿ ಹೆಸರು ಕೂಗುವ ಹೊತ್ತಿಗೆ ಹಾಜರಿರಬೇಕಿದ್ದ ಅಡತಿ ಅಂಗಡಿಯ ಶೆಟ್ಟರು ಚಡಪಡಿಸುತ್ತಿದ್ದರು. ಗುಡಿ ದೂರದಿಂದ ಕಂಡಾಗ ಬೀರಣ್ಣ ವೇಗ ಇಳಿಸಿದರು.

"ಇವತ್ತೊಂದಿನ ನಿಂದರಸಬ್ಯಾಡ್ರಿ!" ಶೆಟ್ಟರು ಕೂಗಿದರು. "ನನ್ನ ಪುಕಾರ ಆಗಿ ಹೋಗತೈತಿ!"

"ಹೌದ್ರಿ, ಹೊಡೀರಿ ಹೊಡೀರಿ," ಹಿಂದಿನವರೂ ದನಿಗೂಡಿಸಿದರು.

ಎಲ್ಲರಿಗಿಂತ ದೊಡ್ಡ ದನಿ ಗೌರತ್ತಿಯದು. "ದೇವರೇನು ಓಡಿ ಹೊಕ್ಕಾನೇನೋ ತಮ್ಮಾ? ಸಂಜೀಕ ಬರೂಮುಂದ ನಿಂದರುವಂತಿ. ನಡಿ!"

ಬೀರಣ್ಣ ಮತ್ತೆ ವೇಗ ಏರಿಸಿದರು. ಮೋಟಾರು ಮುಂದೆ ಹೋಯಿತು. ಗುಡಿಯ ನೇರಕ್ಕೆ ಬಂದಾಗ ಅವರು ಎರಡೂ ಕೈ ಎತ್ತಿದರು.

ಮುಂದಿನ ಚಕ್ರ ಯಾವುದೋ ಕಲ್ಲು ಹತ್ತಿತು. ಮೋಟಾರು ತಿರುವನ್ನು ಬಿಟ್ಟು, ಒಡ್ಡು ಹಾರಿ, ಎದೆಯೆತ್ತರದ ಜೋಳದೊಳಗೆ ನುಗ್ಗಿತು. ತೆನೆಗಳು ಕಿಟಕಿಗೆ ಪಟಪಟ ಬಡಿದವು. ಬೀರಣ್ಣ ಸ್ಟೇರಿಂಗ್ ಹಿಡಿದು ಬ್ರೇಕಿನ ಮೇಲೆ ಎದ್ದು ನಿಂತರು. ಎಲ್ಲ ನಿಂತಾಗ ಎದುರಿನ ಗಾಜಿನಲ್ಲಿ ಜೋಳವೂ ಇರಲಿಲ್ಲ, ನೆಲವೂ ಇರಲಿಲ್ಲ. ಕೆಳಗೆ ನೀರಿತ್ತು. ಎತ್ತು ಹೂಡಿ ನೀರೆತ್ತುವ ದೊಡ್ಡ ತೆರೆದ ಬಾವಿ. ನಮ್ಮ ಬಲಗಡೆಯ ಮುಂದಿನ ಚಕ್ರ ಗಾಳಿಯಲ್ಲಿ ಇನ್ನೂ ತಿರುಗುತ್ತಿತ್ತು. ನಾನು ಬೀರಣ್ಣನ ಬೆನ್ನ ಹಿಂದೆಯೇ ಕುಳಿತಿದ್ದೆ. ರಾತ್ರಿಗಳಲ್ಲಿ ನನಗೆ ಕಾಣುವುದು ಆ ಬಾವಿಯಲ್ಲ, ಆ ಚಕ್ರ.

"ಯಾರೂ ಜಿಗೀಬ್ಯಾಡ್ರಿ," ಎಂದರು ಬೀರಣ್ಣ. "ಮುಂದಿನವರು ಸಾವಕಾಶ ಹಿಂದ ಹೋಗ್ರಿ. ಮೈಯಾಗ ಭಾರ ಇದ್ದವರು ಹಿಂದಿನ ಬಾಕಿನ ಮ್ಯಾಲ ಕುಂದರ್ರಿ, ಏಳಬ್ಯಾಡ್ರಿ. ಹಗುರ ಇದ್ದವರು ಹಿಂದಿನ ಬಾಗಲದಿಂದ ಮೊದಲ ಇಳೀರಿ. ಇಳಿದವರು ಗಾಡೀನ ಹಿಂದಿಂದ ಜಗ್ಗಿ ಹಿಡೀರಿ."

ಯಾರು ಭಾರ, ಯಾರು ಹಗುರ ಎಂದು ಆ ಹೊತ್ತಿನಲ್ಲೂ ಒಂದು ಕ್ಷಣ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಗೌರತ್ತಿ ಸೆರಗು ಸಿಕ್ಕಿಸಿ, ಬಾಕುಗಳನ್ನು ಹಿಡಿದು ಹಿಡಿದು ಹಿಂದೆ ಹೋಗಿ, ಕೊನೆಯ ಬಾಕಿನ ನಡುವೆ ಗಟ್ಟಿಯಾಗಿ ಕುಳಿತಳು. "ಬರ್ರಿ ಶೆಟ್ಟರ, ನಾಚಬ್ಯಾಡ್ರಿ. ತುಪ್ಪಾ ತಿಂದದ್ದು ಇವತ್ತ ಉಪಯೋಗಕ್ಕ ಬಂತು." ಶೆಟ್ಟರು ಅವಳ ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡರು.

ಹಗುರದವಳೆಂದು ನಾನು ಇಳಿದೆ. ಅಷ್ಟರಲ್ಲಿ ಹತ್ತಿರದ ಕುರಿಗಾರರು ಓಡಿಬಂದು ಹಗ್ಗವನ್ನು ಮೋಟಾರಿನ ಹಿಂದಕ್ಕೆ ಕಟ್ಟಿ ಬೇವಿನ ಮರಕ್ಕೆ ಸುತ್ತಿದ್ದರು. ನಾವೆಲ್ಲ ಹಗ್ಗ ಹಿಡಿದೆವು. ಶೆಟ್ಟರು ಇಳಿದರು, ಅತ್ತೆ ಇಳಿದಳು. ಕೊನೆಗೆ ಬೀರಣ್ಣ. ಅಲ್ಲಿಯವರೆಗೂ ಅವರ ಕಾಲು ಬ್ರೇಕಿನ ಮೇಲೆ, ಕೈ ಸ್ಟೇರಿಂಗಿನ ಮೇಲೆ ಹಾಗೇ ಇದ್ದವು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನೆಲದ ಮೇಲೆ ಕಾಲಿಟ್ಟವರೆಲ್ಲ ಒಬ್ಬರಿಗೊಬ್ಬರು ನಮಸ್ಕಾರ ಮಾಡತೊಡಗಿದರು. ಶೆಟ್ಟರು ಕುರಿಗಾರರ ಕಾಲು ಮುಟ್ಟಲು ಬಗ್ಗಿದರೆ, ಅವರು "ಬ್ಯಾಡ್ರಿ ಮಾಲಕ" ಎನ್ನುತ್ತ ಕುರಿಗಳ ನಡುವೆ ಹಿಂದೆ ಹಿಂದೆ ಸರಿದರು. ಶೆಟ್ಟರು ಬಿಡದೆ ಒಂದು ಟಗರಿನ ಕಾಲನ್ನೇ ಮುಟ್ಟಿ ಎದ್ದರು. ನರಸಯ್ಯ ಬೇವಿನ ಮರಕ್ಕೆ ಹಣೆ ಹಚ್ಚಿದರು. ನಾನು ಅತ್ತೆಯ ಕಾಲಿಗೆ ಬಿದ್ದೆ. "ಏಳವಾ, ಇನ್ನೂ ಮದುವಿ ಆಗೂದೈತಿ ನಿನಗ" ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ. ಹೊಲದ ಗೌಡರು ಬೈಯಲೆಂದೇ ಬಡಿಗೆ ಹಿಡಿದು ಬಂದಿದ್ದರು. ಇಡೀ ಮೋಟಾರಿನ ಜನ ಒಮ್ಮೆಲೇ ಕೈ ಮುಗಿದಾಗ ಏನು ಮಾಡುವುದೆಂದು ತೋಚದೆ, ಬಡಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ ತಾವೂ ಕೈ ಮುಗಿದರು.

ಎತ್ತು ಕಟ್ಟಿ ಮೋಟಾರನ್ನು ಹಿಂದಕ್ಕೆ ಎಳೆಯುವ ಹೊತ್ತಿಗೆ ಮಧ್ಯಾಹ್ನ. ಮುರಿದು ಬಿದ್ದ ಎಳೆಯ ತೆನೆಗಳನ್ನು ಗೌಡರು ಕೆಂಡದಲ್ಲಿ ಸುಡಿಸಿ ಸೀತನಿ ಮಾಡಿಸಿದರು. "ಹೆಂಗೂ ನೀವ ಕೊಯ್ದೀರಿ, ನೀವ ತಿನ್ರಿ" ಎಂದರು. ಬಿಸಿ ಬಿಸಿ ಹಸಿರು ಕಾಳು, ಬೆಲ್ಲ, ಶೇಂಗಾ ಚಟ್ನಿ. ಅಂಥ ರುಚಿ ಮತ್ತೆ ಸಿಕ್ಕಿಲ್ಲ. ಬೀರಣ್ಣ ಮಾತ್ರ ತಿನ್ನದೆ ಗುಡಿಯ ಕಟ್ಟೆಯ ಮೇಲೆ, ದೇವರಿಗೆ ಬೆನ್ನು ಮಾಡಿ ಕುಳಿತಿದ್ದರು. ಅತ್ತೆ ಒಂದು ಬೊಗಸೆ ಕಾಳು ಒಯ್ದು ಅವರ ಮುಂದೆ ಹಿಡಿದಳು.

"ಮಾಲಕ ಗಾಡಿ ಬಿಡಸ್ತಾನ್ರಿ, ಆಯಿ," ಎಂದರು ಬೀರಣ್ಣ. "ಇದನ್ನ ಬಿಟ್ಟರ ನನಗ ಬ್ಯಾರೆ ಬರೂದಿಲ್ಲ. ಕುರೀನೂ ಈಗ ನನ್ನ ಮಾತ ಕೇಳಂಗಿಲ್ಲ."

ಸುದ್ದಿ ನಮಗಿಂತ ಮೊದಲೇ ಅಕ್ಕಲಕೋಟೆ ಮುಟ್ಟಿತ್ತು. ಸ್ಟ್ಯಾಂಡಿನಲ್ಲಿ ಮಾಲಕರು ಕಾಯುತ್ತಿದ್ದರು: ಕರಿ ಟೊಪ್ಪಿಗೆ, ಮಡಿಕೆ ಬಿದ್ದ ಕೋಟು, ಅರ್ಧ ಮರಾಠಿ ಅರ್ಧ ಕನ್ನಡ. ಡ್ರೈವರನ ಹಿಂದೆ ಕುಳಿತವರು ಯಾರೆಂದು ಕೇಳಿ ತಿಳಿದು, ನೇರ ನನ್ನ ಬಳಿ ಬಂದರು.

"ಬಾಯಿ, ನೀವು ಶಿಕಲೇಲಿ, ಕಲಿತವರು. ಖರೇ ಹೇಳ್ರಿ. ಕೈ ಸ್ಟೇರಿಂಗ್ ಮ್ಯಾಲ ಇದ್ದವೋ ಇಲ್ಲೋ?"

ಬೀರಣ್ಣ ನನ್ನ ಕಡೆ ನೋಡಲಿಲ್ಲ. ರೇಡಿಯೇಟರಿಗೆ ನೀರು ಹಾಕುತ್ತ ನಿಂತಿದ್ದರು. ಸುಳ್ಳು ಹೇಳುವುದು ಸುಲಭವಿತ್ತು. ಆದರೆ ನಾಳೆ ನನ್ನಂತೆಯೇ ಇನ್ನೊಬ್ಬಳು ಆ ಜಾಗದಲ್ಲಿ ಕುಳಿತುಕೊಳ್ಳುತ್ತಾಳೆ ಎಂದು ಅನಿಸಿತು.

"ಇರಲಿಲ್ಲ," ಎಂದೆ. "ಎರಡೂ ಕೈ ಬಿಟ್ಟಿದ್ದರು. ಆದರೆ ಅವರು ನಿಲ್ಲಿಸಬೇಕೆಂದಿದ್ದರು. ನಾವು ಬಿಡಲಿಲ್ಲ."

"ನಾವಂದ್ರ ಯಾರು?"

"ನಾ ಒದರೀನ್ರಿ," ಗೌರತ್ತಿ ಮುಂದೆ ಬಂದಳು. "ಇವರೂ ಒದರ್‍ಯಾರ," ಎಂದು ಶೆಟ್ಟರ ತೋಳು ಹಿಡಿದು ಎಳೆದು ನಿಲ್ಲಿಸಿದಳು. ಶೆಟ್ಟರು ಕಚೇರಿ ಮರೆತು ತಲೆಯಾಡಿಸಿದರು.

ಮಾಲಕರ ಸಿಟ್ಟು ಇಳಿಯಲಿಲ್ಲ. "ನಮ್ಮಪ್ಪ ಅರಮನಿ ಬಾಗಲದಾಗ ಭರ್ಚಿ ಹಿಡದು ಪಹರೆ ನಿಂದರತಿದ್ದ. ಮಹಾರಾಜರ ಸ್ವಾರಿ ಬಂತಂದ್ರ ಊರಿಗೂರ ಬಗ್ಗಿ ಮೂರು ಸಲ ಮುಜರೆ ಮಾಡತಿತ್ತು. ನಮ್ಮಪ್ಪ ಮಾಡತಿರಲಿಲ್ಲ. ಪಹರೆಯವಗ ಮುಜರೆ ಮಾಫ್. ಕೈಯಾಗ ಭರ್ಚಿ ಐತಿ, ಅದನ್ನ ಬಿಡೂಹಂಗಿಲ್ಲ. ಸೆಟೆದು ನಿಂದ್ರೂದ ಅವನ ಮುಜರೆ. ಇಂವಗ ಅಷ್ಟು ತಿಳೀಬಾರದ?"

ಬೀರಣ್ಣ ನೀರಿನ ಡಬ್ಬಿ ಕೆಳಗಿಟ್ಟು ಮೆಲ್ಲಗೆ ಹೇಳಿದರು, "ಮಹಾರಾಜರು ಮಾಫ್ ಮಾಡ್ಯಾರು ಸಾಹೇಬ್ರ. ನಮ್ಮ ಬೀರೋಬ ಮಾಫ್ ಮಾಡ್ಯಾನಂತ ನನಗ ಯಾರು ಹೇಳಬೇಕು?"

ಅತ್ತೆ ಮಾಲಕರ ಕಡೆ ತಿರುಗಿ ಕೇಳಿದಳು, "ಅಲ್ರೀ, ನಿಮ್ಮಪ್ಪನ ಪಾಲಿನ ಮುಜರೆ ಹಂಗ ಬಿಟ್ಟು ಹೋಗತಿತ್ತೇನು? ಯಾರರೆ ಮಾಡತಿದ್ರೋ ಇಲ್ಲೋ?"

ಮಾಲಕರು ಟೊಪ್ಪಿಗೆ ತೆಗೆದು ತಲೆ ಕೆರೆದರು. "ನಾ ಸಣ್ಣಾಂವ ಇದ್ದಾಗ ನೋಡೀನಿ... ಅವನ ಹಿಂದ ನಿಂತವರು ಒಂದು ಹೆಚ್ಚಿಗಿ ಮಾಡತಿದ್ರು. ಪಹರೆಯವಂದು ಅಂತ."

"ಮತ್ತ ನಾವೆಲ್ಲಿ ಕುಂತೀವಿ? ಹಿಂದ ಅಲ್ಲೇನು?"

ಶೆಟ್ಟರು ಮೊದಲು ನಕ್ಕರು. ಆಮೇಲೆ ಸ್ಟ್ಯಾಂಡೇ ನಕ್ಕಿತು. ಮಾಲಕರು ನಗಲಿಲ್ಲ. ಆದರೆ ಶುಕ್ರವಾರ ಸೊಲ್ಲಾಪುರಕ್ಕೆ ಇದೇ ಗಾಡಿ ಹೋಗುತ್ತದೆ, ತಾವೂ ಕುಳಿತು ನೋಡುತ್ತೇವೆ ಎಂದರು.

ಗುರುವಾರ ಮಠದಲ್ಲಿ ದರ್ಶನ, ದೊಡ್ಡ ಆಲದ ಮರದ ನೆರಳು, ಅನ್ನ-ಸಾರಿನ ಪ್ರಸಾದ. ಅತ್ತೆ ತನ್ನ ಹೊಸ ಕಣ್ಣಿನಿಂದ ಎಲ್ಲವನ್ನೂ ನಿಧಾನವಾಗಿ ನೋಡಿದಳು. ಸುತ್ತಲಿನವರು ಉದ್ದಕ್ಕೆ ಮಲಗಿ ಸಾಷ್ಟಾಂಗ ಹಾಕುತ್ತಿದ್ದರು. ನನಗೆ ಬಗ್ಗಿದರೆ ಸಾಕು, ನೆಲ ಮುಂದಕ್ಕೆ ವಾಲಿದಂತಾಗುತ್ತಿತ್ತು. ನಿಂತೇ ಕೈ ಮುಗಿದೆ. ಧರ್ಮಶಾಲೆಯಲ್ಲಿ ಎರಡೂ ರಾತ್ರಿ ಅತ್ತೆಗೂ ನನಗೂ ನಿದ್ದೆ ತುಂಡು ತುಂಡಾಯಿತು. "ನಿನಗೂ ಚಕ್ರ ಕಾಣತೈತೇನು?" ಎಂದು ಬೆಳಗಾದ ಮೇಲೆ ಕೇಳಿದಳು. ಅವಳಿಗೂ ಅದು ಕಾಣುತ್ತದೆಂದು ಆಗ ತಿಳಿಯಿತು.

ಶುಕ್ರವಾರ ಬೀರಣ್ಣನ ಮೋಟಾರು ಹತ್ತುವವರಿದ್ದಾರೆಯೇ ಎಂಬ ಅನುಮಾನವಿತ್ತು. ಮೊದಲು ಹತ್ತಿದವರು ಶೆಟ್ಟರು. ನರಸಯ್ಯ ಗಂಟಿನೊಂದಿಗೆ ಬಂದರು. ಬುಧವಾರದವರು ಹೆಚ್ಚುಕಡಿಮೆ ಎಲ್ಲರೂ ಇದ್ದರು. ನನಗೆ ಅದೇ ಜಾಗ, ಬೀರಣ್ಣನ ಬೆನ್ನ ಹಿಂದೆ. ಮಾಲಕರು ಹಿಂದಿನ ಬಾಕಿನಲ್ಲಿ, ಪೊಲೀಸರಂತೆ.

ಊರ ಹೊರಗೆ ಹನುಮಪ್ಪನ ಗುಡಿ ಕಂಡಿತು. ಬೀರಣ್ಣನ ಬಲಗೈ ಸ್ಟೇರಿಂಗಿನ ಮೇಲೆ ಅಲುಗಿತು, ಎರಡು ಬೆರಳು ಎದ್ದವು. ನನ್ನ ಕಾಲು ನೆಲ ಒತ್ತಿತು.

"ಹನುಮಪ್ಪ ಬಂದಾ!" ಗೌರತ್ತಿ ಕೂಗಿದಳು. "ಕೈ ಎತ್ರೆಪಾ! ಒಂದು ನಿಮ್ಮದು, ಒಂದು ಬೀರಣ್ಣಂದು!"

ಮೋಟಾರಿನ ತುಂಬ ಕೈಗಳೆದ್ದವು. ನರಸಯ್ಯ ಎರಡು ಸಲ ಕೈ ಎತ್ತುವಾಗ ಗಂಟು ಬಿಚ್ಚಿ ಚಾದರಗಳು ಶೆಟ್ಟರ ತಲೆಯ ಮೇಲೆ ಬಿದ್ದವು. ಶೆಟ್ಟರು ಚಾದರದೊಳಗಿಂದಲೇ ಕೈ ಮುಗಿದರು. ಬೀರಣ್ಣನ ಬೆರಳು ಮತ್ತೆ ಸ್ಟೇರಿಂಗಿಗೆ ಸುತ್ತಿಕೊಂಡವು. ಲಕ್ಷ್ಮಿಗೆ ಹೆಂಗಸರು ಎತ್ತಿದರು. ದರ್ಗಾ ಬಂದಾಗ ಹೇಗೆ ಮಾಡಬೇಕೆಂದು ಹಿಂದಿನ ಒಬ್ಬ ಅಜ್ಜ ಎಲ್ಲರಿಗೂ ಕಲಿಸಿದರು. ಪ್ರತಿ ಸಲವೂ ಬೀರಣ್ಣನ ಹೆಗಲು ಒಂದಿಷ್ಟು ಇಳಿಯುವುದನ್ನು ನಾನು ಹಿಂದಿನಿಂದ ನೋಡಿದೆ.

ಬೀರೋಬನ ತಿರುವಿನಲ್ಲಿ ಯಾರೂ ಹೇಳುವ ಮುಂಚೆಯೇ ಮೋಟಾರು ನಿಂತಿತು.

"ಯಾಕ?" ಮಾಲಕರು ಎದ್ದರು.

"ಇಲ್ಲಿ ನಿಂದರೂದ್ರೀ," ಎಂದವರು ಬೀರಣ್ಣ ಅಲ್ಲ, ಶೆಟ್ಟರು. ಗಡಿಯಾರ ತೆಗೆದರು, ನೋಡದೆಯೇ ಮತ್ತೆ ಕಿಸೆಗೆ ಹಾಕಿದರು.

ಬೀರಣ್ಣ ಇಳಿದು ಹೋಗಿ ಎರಡೂ ಕೈ ಜೋಡಿಸಿ ನೆತ್ತಿಯ ಮೇಲಿಟ್ಟುಕೊಂಡರು. ಬಹಳ ಹೊತ್ತು ಹಾಗೇ ನಿಂತರು. ಹೊಲದಲ್ಲಿ ನಮ್ಮ ಮೋಟಾರು ಮಾಡಿದ ಓಣಿ ಹಾಗೇ ಬಿದ್ದಿತ್ತು. ಅದರ ಕೊನೆಗೆ ಬಾವಿಯ ಕಲ್ಲುಗಳು. ಅತ್ತ ನೋಡಬಾರದೆಂದುಕೊಂಡೂ ನೋಡಿದೆ. ಬೀರಣ್ಣ ಬಂದು ಎಲ್ಲರ ಹಣೆಗೂ ಭಂಡಾರ ಹಚ್ಚಿದರು, ಮಾಲಕರಿಗೂ.

ಸೊಲ್ಲಾಪುರದಲ್ಲಿ ಇಳಿದಾಗ ಮಾಲಕರು ಅತ್ತೆಗೆ ಹೇಳಿದರು, "ಇವತ್ತಿನವರು ಸತ್ತು ಬದುಕಿದವರು, ಆಯಿ. ನೀವು ಎತ್ತೇ ಎತ್ತತೀರಿ. ನಾಳೆ ಬರೂ ಮಂದಿ ಎತ್ತತಾರೇನು? ಎಂಟು ದಿವಸ ನೋಡತೀನಿ. ಇವನ ಕೈ ಒಂದ ಸಲ ಎದ್ದರೂ ಕೆಳಗ ಇಳಸ್ತೀನಿ." ಬೀರಣ್ಣ ಕೇಳಿಸಿಕೊಂಡರು. ನಮಗೆ ಕೈ ಮುಗಿಯಲು ಹೋಗಿ, ತಡೆದು, ನಕ್ಕು, ಆಮೇಲೆ ಮುಗಿದರು. ಆಗ ಮೋಟಾರು ನಿಂತಿತ್ತಲ್ಲ.

ಶನಿವಾರ ಧಾರವಾಡ. ಊರಿನಲ್ಲಿ ಕತೆ ಕೇಳಲು ಬಂದವರಿಗೆ ಅತ್ತೆ ಟಗರಿನ ಕಾಲು ಮುಟ್ಟಿದ್ದನ್ನೇ ಹೇಳಿ ಹೇಳಿ ನಗಿಸಿದಳು. ಆದರೆ ದೀಪ ಆರಿಸಿದ ಮೇಲೆ ಇಬ್ಬರೂ ಹೊರಳಾಡುತ್ತಿದ್ದೆವು. ಎಂಟು ದಿನ ಕಳೆದವು. ಬೀರಣ್ಣನ ಬೆರಳು ಏಳುತ್ತಿದೆಯೋ, ಹಿಂದಿನವರು ಸುಮ್ಮನೆ ಕುಳಿತಿದ್ದಾರೋ, ತಿಳಿಯುವ ದಾರಿಯಿರಲಿಲ್ಲ.

ಆಮೇಲಿನ ರವಿವಾರ ಮಧ್ಯಾಹ್ನ ಓಣಿಯಲ್ಲಿ "ಸೊಲ್ಲಾಪುರೀ ಚಾದರ್" ಎಂಬ ಕೂಗು. ಅತ್ತೆ ಬರಿಗಾಲಲ್ಲಿ ಓಡಿದಳು. ನರಸಯ್ಯ ಕಟ್ಟೆಯ ಮೇಲೆ ಗಂಟು ಇಳಿಸುವ ಮುಂಚೆಯೇ ನಗುತ್ತಿದ್ದರು.

"ಎತ್ತತಾರೇನ್ರಿ, ಮಂದಿ?"

"ಎತ್ತತಾರೇನು! ಹತ್ತೂಮುಂದನ ಹಳಬರು ಹೊಸಬರಿಗೆ ಹೇಳತಾರ್‍ರಿ, ಆಯಿ. ಒಂದು ನಿಮ್ಮದು, ಒಂದು ಬೀರಣ್ಣಂದು. ಮೊನ್ನಿ ಒಬ್ಬಾಕಿ ಎರಡೂ ಕೈಯಾಗ ಕೂಸು ಹಿಡಕೊಂಡಿದ್ಲು. ಬಾಜೂದಾಕಿ ಏನಂದ್ಲು ಗೊತ್ತೇನ್ರಿ? ನಿಂದೂ ನಾ ಮಾಡತೀನಿ, ಮೂರು ಆಗಲಿ ಅಂದ್ಲು. ಮಾಲಕರು ನಿನ್ನೆ ಬಂದು ಹಿಂದ ಕುಂತಿದ್ರು. ಹನುಮಪ್ಪ ಬಂದ. ಎಲ್ಲಾರೂ ಎತ್ತಿದ್ರು. ಇಂವರು ಅತ್ತಾಗ ಇತ್ತಾಗ ನೋಡಿದ್ರು, ಟೊಪಿಗಿ ತಗದ್ರು, ಎರಡು ಸಲ ಮಾಡಿದ್ರು."

"ಮತ್ತ ಬೀರಣ್ಣನ ಕೈ?"

ನರಸಯ್ಯ ಎರಡೂ ಮುಷ್ಟಿ ಬಿಗಿದು ಸ್ಟೇರಿಂಗ್ ಹಿಡಿದಂತೆ ತೋರಿಸಿದರು.

ಅತ್ತೆ ಬೇಡದಿದ್ದರೂ ಒಂದು ಚಾದರ ಕೊಂಡಳು. ಆ ರಾತ್ರಿ ಅದನ್ನೇ ಇಬ್ಬರೂ ಹೊದ್ದು ಮಲಗಿದೆವು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಏರಿತ್ತು. ಹಾಲಿನ ಶಾಂತವ್ವ ಯಾವಾಗಿನಿಂದಲೋ ಬಾಗಿಲು ಒದೆಯುತ್ತಿದ್ದಳು. ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಅಳತೆಯ ಚರಿಗೆ. "ಏನ ನಿದ್ದೀರಿ ಇದು, ಅಕ್ಕಾರ! ಕೈ ತೆರವಿಲ್ಲ, ಶರಣು ಬಾಯಿಲೇ ತಗೋರಿ" ಎಂದಳು. ನಾನು ಕೈ ಮುಗಿದೆ. ಒಮ್ಮೆ ನನ್ನದು, ಒಮ್ಮೆ ಅವಳದು. ಒಳಗೆ ಗೌರತ್ತಿ ಇನ್ನೂ ಗೊರಕೆ ಹೊಡೆಯುತ್ತಿದ್ದಳು.